ಇಪ್ಪತ್ತನಾಲ್ಕರ ತಾಳ ತಪ್ಪಿದಾಗ

ಬಾದಾಮಿಯ ಅಗಸ್ತ್ಯತೀರ್ಥದ ಮೂಡಣ ದಂಡೆಯಲ್ಲಿ ಭೂತನಾಥನ ಗುಡಿಗಳಿವೆ. ಚಲಚ್ಚಿತ್ರವೊಂದರಲ್ಲಿ ಕ್ಯಾಮರಾ ಅಲ್ಲಿಂದ ಹೊರಟು, ಹಸಿರು ನೀರನ್ನು ದಾಟಿ, ದಕ್ಷಿಣದ ಕೆಂಪು ಬಂಡೆಯಲ್ಲಿ ಚಾಲುಕ್ಯರು ಕೊರೆಯಿಸಿದ ಗುಹಾಲಯಗಳ ಕಡೆಗೆ ಮೆಲ್ಲಗೆ ಹೊರಳುತ್ತದೆಂದು ಭಾವಿಸಿಕೊಳ್ಳಿರಿ. ಚಿತ್ರಮಂದಿರದ ಬೆಳ್ಳಿಪರದೆಯ ಮೇಲೆ ಆ ನೋಟ ಒಂದೇ ಹದದಲ್ಲಿ ಸಾಗುತ್ತದೆ. ಕೆಲವು ತಿಂಗಳ ತರುವಾಯ ಅದೇ ಚಿತ್ರ ಅಂತರ್ಜಾಲದ ಮೂಲಕ ಬಾಗಲಕೋಟೆಯ ನವನಗರದ ಮನೆಯೊಂದನ್ನು ಸೇರುತ್ತದೆ. ಗೋಡೆಗೆ ತೂಗುಹಾಕಿದ ದೊಡ್ಡ ಟೆಲಿವಿಷನ್ನು; ಅದರ ಬೆನ್ನಿಗೆ ಸಿಕ್ಕಿಸಿದ ಬೆರಳುದ್ದದ ಕಡ್ಡಿ. ಮನೆಮಂದಿಯೆಲ್ಲ ಕಲೆತು ನೋಡುತ್ತಿರುವಾಗ, ಕ್ಯಾಮರಾ ಹೊರಳುವ ಆ ಗಳಿಗೆಯಲ್ಲಿಯೇ, ಸಾವಿರದ ನಾನೂರು ವರ್ಷ ಅಲುಗದೆ ನಿಂತ ಬಂಡೆ ಕುಂಟತೊಡಗುತ್ತದೆ! ಒಂದು ಹೆಜ್ಜೆ ಮುಂದೆ, ಒಂದು ಗಳಿಗೆ ತಡೆ, ಮತ್ತೆ ಒಂದು ಹೆಜ್ಜೆ.

ಮನೆಯ ಹಿರಿಯರು ತಮ್ಮ ಕನ್ನಡಕವನ್ನು ದೂರುತ್ತಾರೆ. ಮಗನು ಅಂತರ್ಜಾಲದ ವೇಗ ಸಾಲದೆಂದು ತಿಂಗಳ ಬಾಡಿಗೆಯನ್ನು ಏರಿಸಿಕೊಳ್ಳುತ್ತಾನೆ. ಸೊಸೆಗೆ ಟೆಲಿವಿಷನ್ನಿನ ಮೇಲೆಯೇ ಗುಮಾನಿ. ಆದರೆ ಈ ಮೂವರ ಊಹೆಯೂ ಗುರಿ ತಪ್ಪಿದ್ದು. ಅಂತರ್ಜಾಲ ಬಡವಾದರೆ ಚಿತ್ರ ಮಸುಕಾದೀತು, ಇಲ್ಲವೆ ನಡುವೆ ನಿಂತೇ ಹೋದೀತು. ಹೀಗೆ ಲೆಕ್ಕವಿಟ್ಟಂತೆ ಒಂದೇ ಸಮನೆ ತೊದಲಲಾರದು. ಇಲ್ಲಿ ತಪ್ಪಿರುವುದು ಎಣಿಕೆ.

ಚಲಚ್ಚಿತ್ರವೆಂಬುದು ವಾಸ್ತವವಾಗಿ ಚಲಿಸುವ ಚಿತ್ರವಲ್ಲ. ನಿಂತ ಚಿತ್ರಗಳ ಸಾಲು. ಸೆಕೆಂಡಿಗೆ ೨೪ ಬಿಡಿಚಿತ್ರಗಳು ಕಣ್ಣೆದುರು ಬಂದು ನಿಂತು, ಮರೆಯಾಗಿ, ಮುಂದಿನದಕ್ಕೆ ಎಡೆಮಾಡಿಕೊಡುತ್ತವೆ. ಒಂದೊಂದಕ್ಕೂ ದೊರೆಯುವ ಕಾಲ ಸೆಕೆಂಡಿನ ೨೪ನೆಯ ಒಂದು ಪಾಲು, ಎಲ್ಲಕ್ಕೂ ಸಮಪಾಲು. ಈ ಸಮಪಾಲಿನಲ್ಲಿಯೇ ಚಲನೆಯ ಭ್ರಮೆಯ ಗುಟ್ಟು ಅಡಗಿದೆ. ಪಾಲಿನಲ್ಲಿ ಹೆಚ್ಚುಕಡಮೆಯಾದರೆ ಅದು ಯಾವ ಚಿತ್ರಕ್ಕಾಯಿತೆಂದು ಕಣ್ಣು ಹೇಳಲಾರದು, ಆದರೆ ಏನೋ ಎಡವಿತೆಂದು ಮಾತ್ರ ಕೂಡಲೇ ಹಿಡಿಯುತ್ತದೆ. ತಬಲಾದವನು ಒಂದು ಮಾತ್ರೆ ಎಳೆದರೆ ತಾಳ ತಿಳಿಯದ ಶ್ರೋತೃವೂ ತಲೆ ಎತ್ತಿ ನೋಡುವುದಿಲ್ಲವೇ?

ಕೈಯಿಂದ ತಿರುಗಿಸುತ್ತಿದ್ದ ಕಾಲ

ಈ ೨೪ ಎಂಬ ಸಂಖ್ಯೆ ಆಕಾಶದಿಂದ ಇಳಿದುದಲ್ಲ. ೧೮೯೫ರ ಡಿಸೆಂಬರ್ ೨೮ರಂದು ಪ್ಯಾರಿಸ್ಸಿನಲ್ಲಿ ಲೂಮಿಯೆರ್ ಸೋದರರು ಸಾರ್ವಜನಿಕರಿಗೆ ಚಿತ್ರ ತೋರಿಸಿದಾಗ ಅವರ ಯಂತ್ರವನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಸೆಕೆಂಡಿಗೆ ಹದಿನಾರರ ಆಜುಬಾಜಿನಲ್ಲಿ ಚಿತ್ರಗಳು ಓಡುತ್ತಿದ್ದವು. ಮರುವರ್ಷ ಜುಲೈ ೭ರಂದು ಮುಂಬಯಿಯ ವಾಟ್ಸನ್ ಹೊಟೇಲಿನಲ್ಲಿ ಅದೇ ಪ್ರದರ್ಶನ ನಡೆಯಿತು. ಮೂಕಿಚಿತ್ರಗಳ ಕಾಲದುದ್ದಕ್ಕೂ ವೇಗಕ್ಕೆ ಬಿಗಿಯಾದ ನಿಯಮವಿರಲಿಲ್ಲ. ತೆಗೆಯುವವನ ತೋಳು ದಣಿದಿದ್ದರೆ ನಿಧಾನ. ತೋರಿಸುವವನಿಗೆ ಇನ್ನೊಂದು ಆಟ ಮುಗಿಸುವ ಆತುರವಿದ್ದರೆ ಜೋರು. ಹದಿನಾರರ ಲೆಕ್ಕದಲ್ಲಿ ತೆಗೆದುದನ್ನು ಮುಂದೆ ಇಪ್ಪತ್ತನಾಲ್ಕರಲ್ಲಿ ಓಡಿಸಿದಾಗ ಎಲ್ಲವೂ ಒಂದೂವರೆಪಟ್ಟು ವೇಗವಾಗುತ್ತದೆ. ಹಳೆಯ ಮೂಕಿಚಿತ್ರಗಳಲ್ಲಿ ಗಂಭೀರ ಮುಖದ ಮಹನೀಯರೂ ತುರುತುರು ನಡೆದು ನಗೆಪಾಟಲಾಗುವುದು ಇದರಿಂದ. ಆ ಕಾಲದವರೇ ಅವಸರದವರಾಗಿದ್ದರೆಂದು ಎಷ್ಟೋ ಮಕ್ಕಳು ತಿಳಿದಿದ್ದಾರೆ. ಪಾಪ, ಅವರು ಎಲ್ಲರಂತೆಯೇ ನಡೆಯುತ್ತಿದ್ದರು.

ಚಿತ್ರ ಮಾತನಾಡಲು ಕಲಿತ ಮೇಲೆ ಈ ಸ್ವೇಚ್ಛೆಗೆ ಕಡಿವಾಣ ಬಿದ್ದಿತು. ಧ್ವನಿಯನ್ನು ಫಿಲ್ಮಿನ ಅಂಚಿನಲ್ಲಿಯೇ ಬೆಳಕಿನ ಗೆರೆಯಾಗಿ ಮೂಡಿಸಿದಾಗ, ವೇಗ ಕೊಂಚ ಬದಲಾದರೂ ನಾಯಕಿಯ ಕಂಠ ಕೀರಲಾಗುವುದು, ನಾಯಕನದು ಗೊಗ್ಗರಾಗುವುದು. ಕಣ್ಣು ಕ್ಷಮಿಸಿದ್ದನ್ನು ಕಿವಿ ಕ್ಷಮಿಸದು. ಆದುದರಿಂದ ೧೯೨೦ರ ದಶಕದ ಕೊನೆಗೆ ಸೆಕೆಂಡಿಗೆ ೨೪ ಎಂಬುದು ಸ್ಥಿರವಾಯಿತು. ಧ್ವನಿ ಸ್ಪಷ್ಟವಾಗಿರಲು ಅಷ್ಟು ವೇಗ ಬೇಕಾಗಿತ್ತು. ಅದಕ್ಕಿಂತ ಹೆಚ್ಚೆಂದರೆ ಫಿಲ್ಮಿಗೆ ಹಣ ಹೆಚ್ಚು. ಆ ವೇಗದಲ್ಲಿಯೇ ನಿಮಿಷಕ್ಕೆ ೯೦ ಅಡಿ ಫಿಲ್ಮು ಓಡಿಹೋಗುತ್ತಿತ್ತು. ೧೯೩೧ರ ‘ಆಲಂ ಆರಾ’ ಬಂದುದೂ, ೧೯೩೪ರಲ್ಲಿ ಕನ್ನಡದ ‘ಸತಿ ಸುಲೋಚನ’ ಬಂದುದೂ ಈ ವಾಕ್ಚಿತ್ರಯುಗದಲ್ಲಿ. ಇಂದು ಫಿಲ್ಮು ಹೋಗಿ ಅದರ ಸ್ಥಾನದಲ್ಲಿ ಅಂಕಿಗಳ ಕಡತ ಬಂದಿದ್ದರೂ ಕಥಾಚಿತ್ರಗಳ ವೇಗ ಮಾತ್ರ ಬಹುತೇಕ ಅದೇ ೨೪ ಆಗಿ ಉಳಿದುಕೊಂಡಿದೆ. ನೋಡುಗರ ಕಣ್ಣಿಗೆ ಸಿನಿಮಾ ಎಂದರೆ ಇದೇ ಹದವೆಂದು ರೂಢಿಯಾಗಿಬಿಟ್ಟಿದೆ.

ಇಷ್ಟು ಕಡಿಮೆ ಚಿತ್ರಗಳಿಂದ ಬೆಳಕು ಮಿಣುಕಬೇಕಾಗಿತ್ತಲ್ಲವೇ ಎಂದು ಕೇಳಬಹುದು. ಪ್ರೊಜೆಕ್ಟರು ಪ್ರತಿಯೊಂದು ಬಿಡಿಚಿತ್ರವನ್ನೂ ಎರಡು ಸಲ, ಕೆಲವೊಮ್ಮೆ ಮೂರು ಸಲ, ಮಿಂಚಿಸುತ್ತಿತ್ತು. ಹೀಗಾಗಿ ಕಣ್ಣಿಗೆ ಸೆಕೆಂಡಿಗೆ ೪೮ ಮಿಂಚುಗಳು. ಆದರೆ ಎಲ್ಲ ಚಿತ್ರಗಳಿಗೂ ಅಷ್ಟಷ್ಟೇ ಮಿಂಚು ಎಂಬುದನ್ನು ವಾಚಕರು ನೆನಪಿಡಬೇಕು. ಛಾಯಾಗ್ರಾಹಕನಿಗೂ ಈ ಮಿತಿ ತಿಳಿದಿರುತ್ತದೆ. ಹೊರಳುವ ನೋಟದಲ್ಲಿ ಒಂದು ಕಂಬವೋ ಮರವೋ ಪರದೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲು ಸುಮಾರು ಏಳು ಸೆಕೆಂಡು ಹಿಡಿಯಬೇಕೆಂಬುದು ಆ ಕಸುಬಿನವರಲ್ಲಿ ಬಳಕೆಯಲ್ಲಿರುವ ಲೆಕ್ಕ. ಅದಕ್ಕಿಂತ ಬಿರುಸಾಗಿ ತಿರುಗಿಸಿದರೆ ಚಿತ್ರಮಂದಿರದಲ್ಲಿಯೂ ಚಿತ್ರ ನಡುಗುತ್ತದೆ. ಅಷ್ಟು ಎಚ್ಚರದಿಂದ ತೆಗೆದುದು ಮನೆಯಲ್ಲಿ ಕುಂಟುವುದು ಹೇಗೆ?

ಬೀಳಗಿಯ ಕಂಠ

ಉತ್ತರಕ್ಕೆ ಮೊದಲು ಕಲಾದಗಿ ಸೀಮೆಯ ಒಂದು ಹಳೆಯ ಸಂಬಂಧವನ್ನು ನೆನೆಯಬೇಕು. ಬ್ರಿಟಿಷರ ಕಾಲದಲ್ಲಿ ಇಡೀ ಜಿಲ್ಲೆಗೇ ತನ್ನ ಹೆಸರು ಕೊಟ್ಟಿದ್ದ ಕಲಾದಗಿ ಇಂದು ದಾಳಿಂಬೆಗೆ ಹೆಸರಾದ ಊರು. ಅಲ್ಲಿಂದ ಬಹುದೂರವಿಲ್ಲದ ಬೀಳಗಿಯಲ್ಲಿ ಹುಟ್ಟಿದ ಅಕ್ಕತಂಗಿಯರಲ್ಲಿ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರೊಡನೆ ಹೆಸರಾದರೆ, ಅಮೀರಬಾಯಿ ಕರ್ನಾಟಕಿ ಮುಂಬಯಿಯ ಚಿತ್ರಜಗತ್ತಿನಲ್ಲಿ ನಟಿಯಾಗಿಯೂ ಗಾಯಕಿಯಾಗಿಯೂ ಮನೆಮಾತಾದರು. ಬಾಂಬೆ ಟಾಕೀಸಿನವರ ೧೯೪೩ರ ‘ಕಿಸ್ಮತ್’ ಚಿತ್ರಕ್ಕೆ ಅನಿಲ್ ಬಿಸ್ವಾಸರ ಸಂಗೀತದಲ್ಲಿ ಅವರು ಹಾಡಿದರು. ಆ ಚಿತ್ರ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಮಿಕ್ಕಿ ಓಡಿತು. ೧೯೬೫ರಲ್ಲಿ ಅಮೀರಬಾಯಿ ತೀರಿಕೊಂಡರು. ರಹಮತ್ ತರೀಕೆರೆಯವರು ಆಕೆಯ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದಿದ್ದಾರೆ.

ಈ ಕಂಠ ಚಿತ್ರಮಂದಿರದಿಂದ ಮನೆಗೆ ಬರುವಾಗ ಏನಾಯಿತೆಂಬುದು ಸ್ವಾರಸ್ಯಕರವಾದ ಸಂಗತಿ. ಟೆಲಿವಿಷನ್ನು ಹುಟ್ಟಿದಾಗ ಅದರ ಮಿಡಿತವನ್ನು ಆಯಾ ದೇಶದ ವಿದ್ಯುತ್ತಿನ ಮಿಡಿತಕ್ಕೆ ಹೊಂದಿಸಲಾಯಿತು. ಹಾಗೆ ಮಾಡದಿದ್ದರೆ ಪರದೆಯ ಮೇಲೆ ಪಟ್ಟೆಗಳು ತೇಲಾಡುತ್ತಿದ್ದವು. ಅಮೆರಿಕದಲ್ಲಿ ವಿದ್ಯುತ್ತು ಸೆಕೆಂಡಿಗೆ ೬೦ ಸಲ ಆವರ್ತಿಸಿದರೆ ಭಾರತದಲ್ಲಿಯೂ ಯುರೋಪಿನಲ್ಲಿಯೂ ೫೦ ಸಲ. ಹಾಗಾಗಿ ಭಾರತದ ಟೆಲಿವಿಷನ್ನಿಗೆ ಸೆಕೆಂಡಿಗೆ ೨೫ ಪೂರ್ಣಚಿತ್ರಗಳ ಕ್ರಮ ಬಂದಿತು. ಸಿನಿಮಾಕ್ಕೆ ೨೪, ಟೆಲಿವಿಷನ್ನಿಗೆ ೨೫. ಒಂದೇ ಒಂದರ ಅಂತರ! ಐವತ್ತರ ದೇಶಗಳ ಟೆಲಿವಿಷನ್ನಿನವರು ಇದಕ್ಕೆ ಕಂಡುಕೊಂಡ ಉಪಾಯ ತೀರ ಸುಲಭವಾದುದು: ಸಿನಿಮಾವನ್ನೇ ಒಂದಿಷ್ಟು ಜೋರಾಗಿ, ಸೆಕೆಂಡಿಗೆ ೨೫ರಂತೆ, ಓಡಿಸಿಬಿಡುವುದು. ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮೊದಲೇ ಮುಗಿಯುತ್ತಿತ್ತು. ಮನೆಯಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ.

ಆದರೆ ಶ್ರುತಿ? ಧ್ವನಿಯೂ ಅದೇ ಪ್ರಮಾಣದಲ್ಲಿ, ನೂರಕ್ಕೆ ನಾಲ್ಕರಂತೆ, ಮೇಲೇರುತ್ತದೆ. ಹಾರ್ಮೋನಿಯಮ್ಮಿನ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರದಲ್ಲಿ ಹತ್ತರಲ್ಲಿ ಏಳು ಪಾಲು. ಅತ್ತ ಹಳೆಯ ಶ್ರುತಿಯೂ ಅಲ್ಲ, ಇತ್ತ ಮುಂದಿನ ಮನೆಯೂ ಅಲ್ಲ, ನಡುವಿನ ತ್ರಿಶಂಕು. ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ಪೇಟಿ ಮಾಸ್ತರರಲ್ಲಿ ಯಾರಾದರೂ ಇಂಥ ಹಾಡಿಗೆ ಪೇಟಿ ಕೂಡಿಸಲು ಹೋದರೆ ಯಾವ ಮನೆಗೂ ಅದು ಕೂಡಿಬರಲಾರದು. ಈಚಿನ ದಿನಗಳಲ್ಲಿ ಶ್ರುತಿಯನ್ನು ಕೆಳಗಿಳಿಸಿ ಸರಿಪಡಿಸುವ ಉಪಕರಣಗಳಿವೆಯಾದರೂ ಲಯದ ಅವಸರ ಅದರಿಂದ ಹೋಗುವುದಿಲ್ಲ.

ಇಲ್ಲಿ ಒಂದು ಮಾತು. ಟೆಲಿವಿಷನ್ನಿನ ಈ ಐವತ್ತರ ಮಿಡಿತ ಈ ಸೀಮೆಗೆ ರಾಜಧಾನಿಯ ಕೇಂದ್ರಕ್ಕಿಂತ ಮೊದಲೇ ಬಂದಿತ್ತೆಂದರೆ ಅನೇಕರು ನಂಬಲಿಕ್ಕಿಲ್ಲ. ೧೯೭೫ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಕೋಳಿಬಲೆಯಂಥ ತಂತಿಯ ತಟ್ಟೆಗಳನ್ನು ನಿಲ್ಲಿಸಿ ಟೆಲಿವಿಷನ್ನು ತೋರಿಸಲಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದುದು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳನ್ನು. ಬಾಗಲಕೋಟೆ, ಬಾದಾಮಿ, ಹುನಗುಂದಗಳೆಲ್ಲ ಆಗ ಬಿಜಾಪುರ ಜಿಲ್ಲೆಗೇ ಸೇರಿದ್ದವು. ಬಾಗಲಕೋಟೆ ಬೇರೆ ಜಿಲ್ಲೆಯಾದುದು ೧೯೯೭ರಲ್ಲಿ. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದುದು ೧೯೮೧ರ ನವೆಂಬರ್ ೧ರಂದು.

ಅರುವತ್ತರ ಹಟ

ಈಗ ಬೆರಳುದ್ದದ ಕಡ್ಡಿಗೆ ಬರೋಣ. ಅಂತರ್ಜಾಲದ ಚಿತ್ರವನ್ನು ಟೆಲಿವಿಷನ್ನಿಗೆ ಉಣಿಸುವ ಈ ಸ್ಟ್ರೀಮಿಂಗ್ ಕಡ್ಡಿಗಳೂ ಪೆಟ್ಟಿಗೆಗಳೂ ಬಹುಮಟ್ಟಿಗೆ ಅಮೆರಿಕದ ಕಂಪನಿಗಳವು. ಅವುಗಳ ಹುಟ್ಟುಗುಣ ೬೦. ಮುಂದೆ ಕುಳಿತವರು ಮುಂಬಯಿಯ ಸಿನಿಮಾ ನೋಡುತ್ತಿರಲಿ, ಬೆಂಗಳೂರಿನ ಧಾರಾವಾಹಿ ನೋಡುತ್ತಿರಲಿ, ಕಡ್ಡಿ ತನ್ನ ಪಾಡಿಗೆ ತಾನು ಸೆಕೆಂಡಿಗೆ ೬೦ ಸಲ ಚಿತ್ರವನ್ನು ಟೆಲಿವಿಷನ್ನಿಗೆ ಕಳಿಸುತ್ತಿರುತ್ತದೆ. ಹಿಂದಿನ ದೂರದರ್ಶನ ಸಿನಿಮಾವನ್ನು ಓಡಿಸಿತು, ಆದರೆ ಸಮನಾಗಿ ಓಡಿಸಿತು. ಈ ಕಡ್ಡಿ ಓಡಿಸುವುದಿಲ್ಲ, ಶ್ರುತಿ ಕೆಡಿಸುವುದಿಲ್ಲ, ಹಾಡು ಹಾಡಿದಂತೆಯೇ ಕೇಳುತ್ತದೆ. ಕೆಡುವುದು ನಡಿಗೆ.

ಲೆಕ್ಕ ಸರಳವಾದುದು. ೬೦ನ್ನು ೨೪ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಆದಕಾರಣ ಕಡ್ಡಿಯು ಮೊದಲನೆಯ ಚಿತ್ರವನ್ನು ಮೂರು ಸಲ, ಎರಡನೆಯದನ್ನು ಎರಡು ಸಲ, ಮೂರನೆಯದನ್ನು ಮತ್ತೆ ಮೂರು ಸಲ ತೋರಿಸುತ್ತ ಹೋಗುತ್ತದೆ. ಒಂದು ಚಿತ್ರಕ್ಕೆ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು, ಅದರ ನೆರೆಯದಕ್ಕೆ ಮೂವತ್ತನೆಯ ಒಂದು ಪಾಲು. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ. ಮುಖಾಮುಖಿ ಕುಳಿತು ಮಾತನಾಡುವ ದೃಶ್ಯದಲ್ಲಿ ಇದು ತಿಳಿಯುವುದಿಲ್ಲ. ಕ್ಯಾಮರಾ ಹೊರಳಿದಾಗ, ರೈಲಿನ ಕಿಟಕಿಯಾಚೆ ಗಿಡಗಳು ಹಿಂದೋಡಿದಾಗ, ಕೊನೆಯಲ್ಲಿ ಹೆಸರುಗಳ ಪಟ್ಟಿ ಮೇಲೇರಿದಾಗ ಕುಂಟು ಬಯಲಾಗುತ್ತದೆ. ಹಿಂದಿನ ಸಣ್ಣ ಪರದೆಗಳು ಇದನ್ನು ಮುಚ್ಚುತ್ತಿದ್ದವು. ಇಂದಿನ ಅಗಲವಾದ ಪರದೆಗಳು, ಅದರಲ್ಲಿಯೂ ಚಿತ್ರವನ್ನು ಥಟ್ಟನೆ ಬದಲಿಸಬಲ್ಲ ಓಎಲ್‌ಇಡಿ ಪರದೆಗಳು, ಎತ್ತಿ ತೋರುತ್ತವೆ. ಹೆಚ್ಚು ಬೆಲೆ ತೆತ್ತವರಿಗೇ ದೋಷ ಹೆಚ್ಚು ಕಾಣುವುದೆಂದರೆ ವಿಚಿತ್ರವೇ ಸರಿ!

ಇಳಕಲ್ಲಿನ ಸೀರೆಯ ಮೇಲೆ ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಸೂತಿಗೆ ಅಚ್ಚು ಹಾಕಿಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಊರಬೇಕು. ಗವಂತಿಯೇ ಇರಲಿ, ಮುರಗಿಯೇ ಇರಲಿ, ಹೊಲಿಗೆಯ ನೇರವೆಲ್ಲ ಎಣಿಕೆಯಲ್ಲಿದೆ. ಎರಡೆರಡು ಎಳೆ ಬಿಟ್ಟು ಹಾಕಬೇಕಾದ ಗೋಪುರವನ್ನು ಒಮ್ಮೆ ಮೂರು, ಒಮ್ಮೆ ಎರಡು ಎಳೆ ಬಿಟ್ಟು ಹಾಕಿದರೆ ಗೋಪುರ ಗೋಪುರವಾಗಿಯೇ ಉಳಿದೀತು, ಆದರೆ ಅದರ ಅಂಚು ಹಲ್ಲುಹಲ್ಲಾಗುವುದು. ದೂರದಿಂದ ಕಂಡವರು ಸೀರೆ ಚೆಂದವಿದೆಯೆಂದಾರು. ಹಾಕಿದವಳಿಗೆ ಮಾತ್ರ ನಿದ್ದೆ ಬಾರದು.

ಧಾರಾವಾಹಿಗಳ ಪಾಡೂ ಹಗುರವಾಗಿಲ್ಲ. ಅವುಗಳಲ್ಲಿ ಬಹಳಷ್ಟು ಟೆಲಿವಿಷನ್ನಿನ ರೂಢಿಯಂತೆ ೨೫ರಲ್ಲಿ ತಯಾರಾದವು. ಅರುವತ್ತರೊಳಗೆ ಇಪ್ಪತ್ತೈದನ್ನು ಕೂಡಿಸಲು ಹೊರಟರೆ ಎರಡು, ಎರಡು, ಮೂರು, ಎರಡು, ಮೂರು ಎಂಬ ಇನ್ನೂ ಸೊಟ್ಟಾದ ತಾಳವಾಗುತ್ತದೆ. ಕ್ರಿಕೆಟ್ ಪಂದ್ಯ ಸೆಕೆಂಡಿಗೆ ೫೦ರಂತೆ ಬಂದರೆ ಪ್ರತಿ ಐದನೆಯ ಚಿತ್ರವೂ ಎರಡು ಸಲ ಕಾಣುತ್ತದೆ. ಅಂದರೆ ಬೌಲರನು ಓಡಿಬರುವ ಒಂದು ಸೆಕೆಂಡಿನಲ್ಲಿ ಹತ್ತು ಮುಗ್ಗರಿಕೆಗಳು. ಕಡ್ಡಿಯ ೬೦ಕ್ಕೆ ನಿಜವಾಗಿ ಒಗ್ಗುವುದು ೩೦ ಅಥವಾ ೬೦ರಲ್ಲಿ ತೆಗೆದ ಮೊಬೈಲು ವೀಡಿಯೋ, ಆಟಗಳು, ಮತ್ತು ಅಮೆರಿಕದ ಟೆಲಿವಿಷನ್ನು ಕಾರ್ಯಕ್ರಮಗಳು. ಉಳಿದುದಕ್ಕೆಲ್ಲ ಅದು ಅಳತೆ ತಪ್ಪಿದ ಅಂಗಿ.

ಮದ್ದು ಮನೆಯಲ್ಲಿಯೇ

ಇದಕ್ಕೆ ಪರಿಹಾರವೂ ಲೆಕ್ಕದಷ್ಟೇ ಸರಳ: ಚಿತ್ರ ಯಾವ ವೇಗದ್ದೋ ಕಡ್ಡಿಯೂ ಅದೇ ವೇಗದಲ್ಲಿ ಮಿಡಿಯಲಿ. ಸಿನಿಮಾ ಬಂದರೆ ೨೪, ಧಾರಾವಾಹಿ ಬಂದರೆ ೫೦, ಮೊಬೈಲು ಚಿತ್ರ ಬಂದರೆ ೬೦. ಇಂದಿನ ಬಹುತೇಕ ಟೆಲಿವಿಷನ್ನುಗಳು ಈ ಮೂರನ್ನೂ ಸ್ವೀಕರಿಸಬಲ್ಲವು. ಕಡ್ಡಿಗೆ ಕೇಳುವ ಬುದ್ಧಿ ಬರಬೇಕಾಗಿತ್ತು, ಅಷ್ಟೆ. ಅದು ಬಂದುದು ನಿಧಾನವಾಗಿ. ಆಪಲ್ ಕಂಪನಿಯ ೪ಕೆ ಪೆಟ್ಟಿಗೆ ೨೦೧೭ರ ಸೆಪ್ಟೆಂಬರಿನಲ್ಲಿ ಬಂದಾಗ ಅದಕ್ಕೂ ಈ ಗುಣವಿರಲಿಲ್ಲ. ಚಿತ್ರಪ್ರಿಯರು ಗೊಣಗಿದರು, ಡಿಸೆಂಬರಿನ ತಂತ್ರಾಂಶದಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಎಂಬ ಆಯ್ಕೆ ಸೇರಿತು. ಅಮೆಜಾನಿನ ಫೈರ್ ಟಿ.ವಿ. ಕಡ್ಡಿಗಳಲ್ಲಿ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಎಂಬ ಹೆಸರಿನಲ್ಲಿ ಇದೇ ಆಯ್ಕೆ ಇದೆ; ಸೆಟ್ಟಿಂಗ್ಸಿನೊಳಗೆ ‘ಡಿಸ್‌ಪ್ಲೇ ಅಂಡ್ ಸೌಂಡ್ಸ್’ ವಿಭಾಗದಲ್ಲಿ ಹುಡುಕಬೇಕು. ಆಂಡ್ರಾಯ್ಡ್ ವ್ಯವಸ್ಥೆಗೆ ೨೦೨೦ರ ಹನ್ನೊಂದನೆಯ ಆವೃತ್ತಿಯಲ್ಲಿ ಇದರ ಬುನಾದಿ ಬಿದ್ದು, ಹನ್ನೆರಡನೆಯದರಲ್ಲಿ ಟೆಲಿವಿಷನ್ನಿನ ಬಳಕೆದಾರರ ಕೈಗೆ ಆಯ್ಕೆ ದೊರೆಯಿತು. ಅಗ್ಗದ ಕಡ್ಡಿಗಳಲ್ಲಿ ಕೆಲವಕ್ಕೆ ಈ ಭಾಗ್ಯ ಇನ್ನೂ ಇಲ್ಲ.

ಆಯ್ಕೆ ಇದ್ದ ಕಡೆಗಳಲ್ಲಿಯೂ ಅದು ಎಷ್ಟೋ ವೇಳೆ ಮುಚ್ಚಿಯೇ ಇರುತ್ತದೆ. ಅದಕ್ಕೆ ಕಾರಣವುಂಟು. ವೇಗ ಬದಲಾಯಿಸುವಾಗ ಕಡ್ಡಿಯೂ ಟೆಲಿವಿಷನ್ನೂ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ. ಆಗ ಪರದೆ ಒಂದೆರಡು ಸೆಕೆಂಡು ಕಪ್ಪಾಗುತ್ತದೆ. ಗ್ರಾಹಕನು ಯಂತ್ರ ಕೆಟ್ಟಿತೆಂದು ಹೆದರಿ ಅಂಗಡಿಗೆ ಹಿಂದಿರುಗಿಸಾನೆಂದು ತಯಾರಕರಿಗೆ ಭಯ. ಒಂದೆರಡು ಸೆಕೆಂಡಿನ ಕತ್ತಲೆಗಿಂತ ಎರಡೂವರೆ ಗಂಟೆಯ ಕುಂಟು ಲೇಸೆಂದು ಅವರು ಗ್ರಾಹಕರ ಪರವಾಗಿ ತೀರ್ಮಾನಿಸಿಬಿಟ್ಟಿದ್ದಾರೆ. ಹಿಂದಿನ ಟೂರಿಂಗ್ ಟಾಕೀಸುಗಳಲ್ಲಿ ಒಂದು ರೀಲು ಮುಗಿದು ಇನ್ನೊಂದು ಏರುವವರೆಗೆ ಕತ್ತಲೆಯಲ್ಲಿ ಕುಳಿತು ಕಡಲೆಕಾಯಿ ಸುಲಿದವರಿಗೆ ಈ ಒಂದೆರಡು ಸೆಕೆಂಡು ಭಾರವಾದೀತೇ? ಎಚ್‌ಡಿಎಂಐ ತಂತಿಯ ೨.೧ನೆಯ ನಿಯಮಾವಳಿಯಲ್ಲಿ ಈ ಕತ್ತಲೆಯನ್ನೂ ನೀಗುವ ‘ಕ್ವಿಕ್ ಮೀಡಿಯಾ ಸ್ವಿಚಿಂಗ್’ ಎಂಬ ಏರ್ಪಾಡಿದೆ. ಆದರೆ ಕಡ್ಡಿ, ಟೆಲಿವಿಷನ್ನು ಎರಡಕ್ಕೂ ಅದು ಗೊತ್ತಿರಬೇಕು.

ಇನ್ನೊಂದು ತೊಡಕು: ಕಡ್ಡಿ ಸಿದ್ಧವಿದ್ದರೆ ಸಾಲದು, ಚಿತ್ರ ಒದಗಿಸುವ ಆ್ಯಪ್ ಕೂಡ “ಇದು ಇಪ್ಪತ್ತನಾಲ್ಕರ ಚಿತ್ರ” ಎಂದು ಅದಕ್ಕೆ ತಿಳಿಸಬೇಕು. ತಿಳಿಸದ ಆ್ಯಪ್‌ಗಳೂ ಇವೆ. ಆಗ ಸಿನಿಮಾ ಆರಂಭಿಸುವ ಮೊದಲು ಕಡ್ಡಿಯ ಸೆಟ್ಟಿಂಗ್ಸಿಗೆ ಹೋಗಿ, ಅದರಲ್ಲಿ ಅವಕಾಶವಿದ್ದರೆ, ಕೈಯಾರೆ ೨೪ಕ್ಕೆ ಇಳಿಸಬಹುದು. ಸಿನಿಮಾ ಮುಗಿದ ಮೇಲೆ ಮತ್ತೆ ಏರಿಸಲು ಮರೆತರೆ ಪರದೆಯ ಮೇಲಿನ ಪಟ್ಟಿಗಳೆಲ್ಲ ಎಳೆದೆಳೆದು ಸರಿಯುತ್ತವೆ, ಗಾಬರಿಪಡುವುದು ಬೇಡ. ಕಡ್ಡಿಯೇ ಇಲ್ಲದೆ ಟೆಲಿವಿಷನ್ನಿನೊಳಗಿನ ಆ್ಯಪ್‌ನಲ್ಲಿಯೇ ಚಿತ್ರ ನೋಡುವವರಿಗೆ ಈ ತಾಪತ್ರಯ ಸಾಮಾನ್ಯವಾಗಿ ಕಡಿಮೆ, ಏಕೆಂದರೆ ಅಲ್ಲಿ ಚಿತ್ರಕ್ಕೂ ಪರದೆಗೂ ನಡುವೆ ತಂತಿಯ ದಲ್ಲಾಳಿ ಇರುವುದಿಲ್ಲ. ೧೨೦ರಲ್ಲಿ ಮಿಡಿಯುವ ಪರದೆಯಾದರಂತೂ ೨೪ರ ಒಂದೊಂದು ಚಿತ್ರವನ್ನೂ ಐದೈದು ಸಲ ತೋರಿಸಿದರೆ ಲೆಕ್ಕ ಚೊಕ್ಕ. ಕೆಲವು ಟೆಲಿವಿಷನ್ನುಗಳು ೬೦ರಲ್ಲಿ ಬಂದ ಮೂರು-ಎರಡರ ತಾಳವನ್ನು ಗುರುತಿಸಿ, ಹೆಚ್ಚುವರಿ ಚಿತ್ರಗಳನ್ನು ಕಿತ್ತು, ಮೂಲದ ೨೪ನ್ನು ಮರಳಿ ಕಟ್ಟುವಷ್ಟು ಜಾಣವಾಗಿವೆ. ಇಂಥ ಟೆಲಿವಿಷನ್ನುಳ್ಳವರು ಕಡ್ಡಿಯ ಮೇಲೆ ಸಿಟ್ಟಾಗಬೇಕಾದುದಿಲ್ಲ.

ತೀರ ಸೂಕ್ಷ್ಮದವರಿಗೆ ಇನ್ನೂ ಒಂದು ಕೊಂಕು ಉಳಿದಿದೆ. ೧೯೫೩ರಲ್ಲಿ ಅಮೆರಿಕದ ಟೆಲಿವಿಷನ್ನಿಗೆ ಬಣ್ಣ ಸೇರಿಸುವಾಗ ಅಲ್ಲಿಯ ಎಂಜಿನಿಯರುಗಳು ವೇಗವನ್ನು ಸಾವಿರಕ್ಕೆ ಒಂದರಷ್ಟು ತಗ್ಗಿಸಿದರು. ಅಂದಿನಿಂದ ಅಲ್ಲಿ ೬೦ ಎಂದರೆ ವಾಸ್ತವವಾಗಿ ೫೯.೯೪, ಅದರ ಜೊತೆಗೆ ಸಿನಿಮಾದ ೨೪ ಕೂಡ ೨೩.೯೭೬ ಆಯಿತು. ಬಣ್ಣ ಬಂದು ಎಪ್ಪತ್ತು ವರ್ಷ ದಾಟಿದರೂ ಈ ಚಿಲ್ಲರೆ ತೀರಿಲ್ಲ. ನಿಖರವಾಗಿ ೨೪ರಲ್ಲಿ ತಯಾರಾದ ಚಿತ್ರವನ್ನು ಕಡ್ಡಿಯು ೨೩.೯೭೬ರಲ್ಲಿ ಮಿಡಿದು ತೋರಿಸಿದರೆ ಸುಮಾರು ೪೨ ಸೆಕೆಂಡಿಗೊಮ್ಮೆ ಒಂದು ಬಿಡಿಚಿತ್ರ ಬಿಟ್ಟುಹೋಗುತ್ತದೆ. ಸೆಕೆಂಡಿಗೆ ಹನ್ನೆರಡು ಸಲ ಕುಂಟುವುದರ ಮುಂದೆ ಇದು ಏನೂ ಅಲ್ಲವೆನ್ನಬಹುದು. ಆದರೆ ಒಮ್ಮೆ ಕಂಡವರಿಗೆ ಅದಕ್ಕಾಗಿಯೇ ಕಾಯುತ್ತ ಕೂಡುವ ಚಟ ಹತ್ತುವ ಅಪಾಯವಿದೆ.

ಮದ್ದೇ ರೋಗವಾದಾಗ

ಕುಂಟನ್ನು ಮರೆಸಲು ಟೆಲಿವಿಷನ್ನು ತಯಾರಕರು ಹೂಡಿದ ಇನ್ನೊಂದು ಹಂಚಿಕೆಯನ್ನು ಹೇಳದೆ ಬಿಡುವಂತಿಲ್ಲ. ಎರಡು ಬಿಡಿಚಿತ್ರಗಳ ನಡುವೆ ಇರದ ಚಿತ್ರಗಳನ್ನು ಯಂತ್ರವೇ ಊಹಿಸಿ ಬರೆದು ತುಂಬುವುದು! ಸೋನಿಯವರು ಇದನ್ನು ಮೋಷನ್‌ಫ್ಲೋ ಎಂದೂ, ಎಲ್‌ಜಿಯವರು ಟ್ರೂಮೋಷನ್ ಎಂದೂ ಕರೆಯುತ್ತಾರೆ. ಪ್ರತಿಯೊಂದು ಕಂಪನಿಗೂ ಒಂದೊಂದು ಹೆಸರು. ಚಲನೆಯೇನೋ ಬೆಣ್ಣೆಯಂತೆ ನುಣುಪಾಗುತ್ತದೆ. ಆದರೆ ಕೋಟಿಗಟ್ಟಲೆ ಸುರಿದು ತೆಗೆದ ಚಿತ್ರವೂ ಸ್ಟುಡಿಯೋದಲ್ಲಿ ಅವಸರದಿಂದ ತೆಗೆದ ಮಧ್ಯಾಹ್ನದ ಧಾರಾವಾಹಿಯಂತೆ ಕಾಣತೊಡಗುತ್ತದೆ. ಓಡುವವನ ತೋಳಿನ ಸುತ್ತ ಗಾಳಿ ಕರಗಿದಂತೆ ಅಲುಗುತ್ತದೆ. ೨೦೧೮ರ ಡಿಸೆಂಬರಿನಲ್ಲಿ ಹಾಲಿವುಡ್ಡಿನ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಒಟ್ಟಿಗೆ ನಿಂತು, ದಯವಿಟ್ಟು ಇದನ್ನು ಆರಿಸಿಬಿಡಿರೆಂದು ಪ್ರೇಕ್ಷಕರನ್ನು ವೀಡಿಯೋ ಮೂಲಕ ಬೇಡಿಕೊಂಡರು. ಮರುವರ್ಷ ‘ಫಿಲ್ಮ್‌ಮೇಕರ್ ಮೋಡ್’ ಎಂಬ ಒಪ್ಪಂದ ಬಂದಿತು. ಅದನ್ನು ಒಪ್ಪಿದ ಟೆಲಿವಿಷನ್ನುಗಳಲ್ಲಿ ಆ ಒಂದು ಆಯ್ಕೆಯನ್ನು ಒತ್ತಿದರೆ ಈ ಊಹಾಚಿತ್ರಗಳು ನಿಲ್ಲುತ್ತವೆ. ಕ್ರಿಕೆಟ್ಟಿಗೆ ಬೇಕೆನಿಸಿದರೆ ಇರಿಸಿಕೊಳ್ಳಬಹುದು. ಸಿನಿಮಾಕ್ಕೆ ಮಾತ್ರ ಇದು ಅಂಟುರೋಗ.

ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಸಿನಿಮಾ ನಡೆಯುತ್ತಿರುವಾಗ ಟೆಲಿವಿಷನ್ನಿನ ರಿಮೋಟಿನಲ್ಲಿ ಮಾಹಿತಿಯ ಗುಂಡಿಯಿದ್ದರೆ ಒತ್ತಿ ನೋಡಬಹುದು. ಅನೇಕ ಟೆಲಿವಿಷನ್ನುಗಳು ತಮಗೆ ಬರುತ್ತಿರುವ ಮಿಡಿತವನ್ನು ೨೪ ಎಂದೋ ೬೦ ಎಂದೋ ಅಂಕಿಯಲ್ಲಿಯೇ ತೋರಿಸುತ್ತವೆ. ಅಂಕಿ ಕಾಣದಿದ್ದರೆ ಚಿತ್ರದ ಕೊನೆಯ ಹೆಸರುಗಳ ಪಟ್ಟಿಯೇ ಸಾಕು: ಅಕ್ಷರಗಳು ಒಂದೇ ಹದದಲ್ಲಿ ಏರುತ್ತಿವೆಯೋ, ಮೆಟ್ಟಿಲು ಹತ್ತುವವರಂತೆ ತಡೆತಡೆದು ಏರುತ್ತಿವೆಯೋ? ಆಯ್ಕೆಯನ್ನು ತೆರೆದು ಅದೇ ಭಾಗವನ್ನು ಮತ್ತೊಮ್ಮೆ ಓಡಿಸಿ ನೋಡಿದರೆ ಮನೆಯ ಹಿರಿಯರ ಕನ್ನಡಕದ ಮೇಲಿನ ಆರೋಪ ಅಲ್ಲಿಗೆ ಖುಲಾಸೆಯಾಗುತ್ತದೆ.

ಹಳೆಯ ಚಿತ್ರಗಳ ವಿಷಯದಲ್ಲಿ ಮಾತ್ರ ಈ ಮದ್ದು ಅರ್ಧದಷ್ಟೇ ನಾ ಟುತ್ತದೆ. ಅಂತರ್ಜಾಲದಲ್ಲಿ ದೊರೆಯುವ ಹಳೆಯ ಪ್ರತಿಗಳಲ್ಲಿ ಹಲವು, ಹಿಂದೆ ಟೆಲಿವಿಷನ್ನಿಗಾಗಿ, ವಿಡಿಯೋ ಟೇಪಿಗಾಗಿ ೨೫ಕ್ಕೆ ಓಡಿಸಿ ಇಳಿಸಿಕೊಂಡವು. ಅವುಗಳ ಅವಸರ ಪ್ರತಿಯೊಳಗೇ ಬೆರೆತುಹೋಗಿದೆ. ಮನೆಯ ಕಡ್ಡಿ ಎಷ್ಟು ನಿಷ್ಠೆಯಿಂದ ಮಿಡಿದರೂ ಅದನ್ನು ತೆಗೆಯಲಾರದು. ಗುರುತಿಸುವ ದಾರಿಯೆಂದರೆ ಅವಧಿ: ಎರಡೂವರೆ ಗಂಟೆಯೆಂದು ದಾಖಲೆಯಲ್ಲಿರುವ ಚಿತ್ರದ ಪ್ರತಿ, ಯಾವ ದೃಶ್ಯವನ್ನೂ ಕತ್ತರಿಸದೆ, ೧೪೪ ನಿಮಿಷಕ್ಕೇ ಮುಗಿದರೆ ಅದು ಅಂಥದ್ದೇ. ಮೂಲ ಫಿಲ್ಮಿನಿಂದ ಹೊಸದಾಗಿ ಇಳಿಸಿದ ಪ್ರತಿಗಳು ಬಂದಾಗ, ೨೪ಕ್ಕೆ ೨೪ ಕೂಡಿದಾಗ, ಬೀಳಗಿಯ ಅಮೀರಬಾಯಿಯವರ ಹಾಡು ತನ್ನ ಮನೆಗೆ ಇಳಿದು ನಿಲ್ಲುತ್ತದೆ. ಪೇಟಿ ಮಾಸ್ತರರು ಆಗ ಧಾರಾಳವಾಗಿ ಜೊತೆಗೂಡಬಹುದು.